ಲುಕ್ಸಾನು ಯಾರ್ದು ಡಾಕ್ಟ್ರೇ?

ಹೋದ ವರ್ಷ ಆರಿದ್ರಾ ಮಳೆ ಹಿಡಿದ ವಾರ ನಾನು ಊರಲ್ಲಿದ್ದೆ. ಬೆಳಗ್ಗೆ ಹತ್ತರ ಹೊತ್ತಿಗೆ ಚೇಣಿ ಸಾಹೇಬ್ರು, ಅಂದರೆ ನಮ್ಮ ತೋಟದ ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವವರು, ಬಂದರು. ಛತ್ರಿಯನ್ನು ಜಗುಲಿಯ ಕಂಬಕ್ಕೆ ಒರಗಿಸಿ, ಕಾಲಿಗೆ ಹತ್ತಿದ ಉಂಬಳ ಕಿತ್ತು ಅಂಗಳಕ್ಕೆ ಒಗೆದು, ಅಮ್ಮ ಕೊಟ್ಟ ಕಾಫಿ ಕುಡಿದರು. ತೋಟ ನೋಡಲು ಇಳಿಯುವ ಮುಂಚೆ ನನ್ನ ಕಡೆ ತಿರುಗಿ, "ಡಾಕ್ಟ್ರೇ, ನೀವು ಬೆಂಗ್ಳೂರಲ್ಲಿ ಎಂತ ಮಾಡೋದು ಅಂತ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ ನೋಡಿ" ಅಂದರು. ಈ ಪ್ರಶ್ನೆಗೆ ನನ್ನ ಹತ್ತಿರ ಮೂರ್ನಾಲ್ಕು ಉತ್ತರಗಳಿವೆ. ಮದುವೆ ಮನೆಗೆ ಒಂದು, ಅಮ್ಮನ ಅಕ್ಕತಂಗಿಯರಿಗೆ ಒಂದು. ಸಾಹೇಬ್ರಿಗೆ ಕೊಂಚ ನಿಜವಾದದ್ದನ್ನೇ ಹೇಳೋಣ ಅನ್ನಿಸಿತು. "ಬ್ಯಾಂಕಿನವರು ವ್ಯಾಪಾರ ಮಾಡ್ತಾರಲ್ಲ, ನಾಳೆ ರೇಟು ಬಿದ್ರೆ ಎಷ್ಟು ಹೋಗ್ತದೆ ಅಂತ ಇವತ್ತೇ ಲೆಕ್ಕ ಹಾಕಿಡೋದು ನನ್ನ ಕೆಲಸ" ಅಂದೆ.

"ಹಾಂ, ಅಂದ್ರೆ ಚೇಣಿನೇ."

"ಹೆಚ್ಚುಕಮ್ಮಿ ಅದೇ."

"ಲುಕ್ಸಾನಾದ್ರೆ ಯಾರ್ದು? ನಿಮ್ದಾ?"

"ನಂದಲ್ಲ."

"ನಿಮ್ ಸಾಹುಕಾರ್ರದ್ದಾ?"

"ಅವರದ್ದೂ ಪೂರ್ತಿ ಅಲ್ಲ. ಷೇರು ತಗೊಂಡವರದ್ದು, ಸಾಲ ಕೊಟ್ಟವರದ್ದು... ಹಂಚಿ ಹೋಗ್ತದೆ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಅಪ್ಪಯ್ಯನ ಕಡೆ ತಿರುಗಿ, "ಒಳ್ಳೆ ಚೇಣಿ ಮಾರಾಯ್ರೆ, ಇಂಥದ್ದು ನಂಗೂ ಒಂದು ಕೊಡ್ಸಿ" ಎಂದು ನಕ್ಕು ತೋಟಕ್ಕೆ ಇಳಿದುಬಿಟ್ಟರು. ನಾನೂ ನಕ್ಕೆ. ಆದರೆ ಬೆಂಗಳೂರಿಗೆ ವಾಪಸ್ ಬಂದು ವಾರವಾದರೂ ಆ ಮಾತು ಕಿವಿಯಿಂದ ಇಳಿಯಲಿಲ್ಲ. ಪಿಎಚ್‌ಡಿ ಬಿಟ್ಟು ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಯಾಕೆ ಹೋದೆ ಎಂದು ಹತ್ತು ವರ್ಷದಿಂದ ಬೇರೆ ಬೇರೆಯವರು ಕೇಳಿದ್ದಾರೆ. (ಪಿಎಚ್‌ಡಿ ಬಿಟ್ಟಿಲ್ಲ, ಮುಗಿಸಿದ್ದೇನೆ. ಹಾಗಂತ ಹೇಳಿದರೆ ಕೇಳುವವರ ಮುಖದಲ್ಲಿ ಇನ್ನೂ ಹೆಚ್ಚು ಸಂಕಟ ಕಾಣಿಸುತ್ತದೆ.) ಅವರೆಲ್ಲ ಕೇಳಿದ್ದು ಯಾಕೆ ಹೋದೆ ಎಂದು. ಹೋದಮೇಲೆ ಏನು ಬದಲಾಯಿತು ಎಂಬ ಕಡೆಯಿಂದ ಕೇಳಿದವರು ಸಾಹೇಬ್ರು ಒಬ್ಬರೇ.

ಮಳೆಯ ಬಾಲ

ಶಂಕರಘಟ್ಟದಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ, ನೆಟ್ ಪಾಸು ಮಾಡಿ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಸೇರಿದೆ. ಮೊದಲ ವರ್ಷ ಯಾವ ವಿಷಯವೂ ಹತ್ತಲಿಲ್ಲ. ಒಂದು ಮಧ್ಯಾಹ್ನ ಗೈಡ್ ಕೇಳಿದರು, "ನೀನು ಆಗುಂಬೆ ಕಡೆಯವನಲ್ವಾ? ಮಳೆ ತಗೋ." ನಾನು ತೀರ್ಥಹಳ್ಳಿ ಕಡೆಯವನು. ಆದರೆ ಬೆಂಗಳೂರಿನವರಿಗೆ ನಾವೆಲ್ಲ ಆಗುಂಬೆಯವರೇ. ಹಾಗೆ ಶುರುವಾದದ್ದು ಆರು ವರ್ಷ ಹಿಡಿಯಿತು.

ಆಗುಂಬೆಯ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಆದರೆ ಸರಾಸರಿಯಿಂದ ಯಾರ ಗುಡ್ಡವೂ ಕುಸಿಯುವುದಿಲ್ಲ, ಯಾರ ಸೇತುವೆಯೂ ಕೊಚ್ಚಿಹೋಗುವುದಿಲ್ಲ. ಅದನ್ನೆಲ್ಲ ಮಾಡುವುದು ಯಾವುದೋ ಒಂದು ದಿನದ ಮಳೆ. ಅಂಥ ದಿನ ಅಪರೂಪ, ಅಪರೂಪವಾದ್ದರಿಂದ ಅದರ ದಾಖಲೆಯೂ ಕಮ್ಮಿ. ಐವತ್ತು ವರ್ಷದ ಲೆಕ್ಕ ಇಟ್ಟುಕೊಂಡು ನೂರು ವರ್ಷಕ್ಕೊಮ್ಮೆ ಬರುವ ಮಳೆ ಎಷ್ಟಿರಬಹುದು ಎಂದು ಹೇಳಬೇಕು. ಸಂಖ್ಯಾಶಾಸ್ತ್ರದವರು ಇದನ್ನು ಬಾಲ ಅನ್ನುತ್ತಾರೆ. ಹೆಚ್ಚಿನ ದಿನಗಳೆಲ್ಲ ನಡುವೆ ಗುಡ್ಡೆಯಾಗಿ ಕೂತಿರುತ್ತವೆ, ಅಪರೂಪದವು ಬಾಲದಲ್ಲಿರುತ್ತವೆ. ಬಾಲ ಎಷ್ಟು ದಪ್ಪ, ಎಷ್ಟು ಉದ್ದ ಎಂಬುದೇ ನನ್ನ ಪ್ರಬಂಧ. ನೂರು ವರ್ಷಕ್ಕೊಮ್ಮೆ ಅಂದಕೂಡಲೇ ನಮ್ಮ ಕಾಲದಲ್ಲಿ ಬರಲಿಕ್ಕಿಲ್ಲ ಎಂದು ಜನ ನೆಮ್ಮದಿಯಾಗುತ್ತಾರೆ. ವರ್ಷಕ್ಕೆ ನೂರರಲ್ಲಿ ಒಂದು ಪಾಲು ಎಂದು ಹಿಡಿದರೆ, 30 ವರ್ಷದಲ್ಲಿ ಒಮ್ಮೆಯಾದರೂ ಅದು ಬರುವ ಸಾಧ್ಯತೆ ನೂರಕ್ಕೆ 26. ತೋಟಕ್ಕೆ ಸೊಸೈಟಿ ಸಾಲ ಮಾಡಿದವನ ಆಯುಸ್ಸಿನಲ್ಲಿ ಇದು ಸಣ್ಣ ಅಂಕೆಯಲ್ಲ.

ಅಪ್ಪಯ್ಯ ಪಂಚಾಂಗದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಮಳೆ ಬರೆದಿಡುತ್ತಿದ್ದರು. ಪುನರ್ವಸು ಚೆನ್ನಾಗಿ ಹೊಡೀತು. ಪುಷ್ಯ ಸೋರಿತು. ಆಶ್ಲೇಷ, ದೇವರೇ ಗತಿ. ಅಂಕೆ ಇಲ್ಲದ ಆ ದಾಖಲೆಯನ್ನು ಪ್ರಬಂಧದಲ್ಲಿ ಸೇರಿಸಲಾಗಲಿಲ್ಲ. ಆದರೆ ಹವಾಮಾನ ಇಲಾಖೆಯ ಅಂಕೆಗಳಲ್ಲಿ ಸಂಶಯ ಬಂದ ದಿನಗಳನ್ನು ಅದರ ಜೊತೆ ಹೋಲಿಸಿ ನೋಡುತ್ತಿದ್ದೆ. "ದೇವರೇ ಗತಿ" ಎಂದು ಬರೆದ ದಿನ ಮಳೆಮಾಪಕ ಯಾವತ್ತೂ ಸುಳ್ಳು ಹೇಳಿರಲಿಲ್ಲ.

ಈ ಓದಿನ ನಡುವೆಯೇ ಮೊದಲ ಸಲ ಹಣದ ಗಣಿತ ಕಣ್ಣಿಗೆ ಬಿದ್ದದ್ದು. ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞ 1963ರಲ್ಲಿ ಹತ್ತಿಯ ರೇಟಿನ ಏರಿಳಿತದ ಬಗ್ಗೆ ಬರೆದಿದ್ದ. ದರಗಳ ಬಾಲ ಎಲ್ಲರೂ ಅಂದುಕೊಂಡದ್ದಕ್ಕಿಂತ ದಪ್ಪ ಎಂಬುದು ಅದರ ಸಾರ. ಅದೇ ಮನುಷ್ಯ 1968ರಲ್ಲಿ ವಾಲಿಸ್ ಎಂಬ ಜಲವಿಜ್ಞಾನಿಯ ಜೊತೆ ಸೇರಿ ನದಿಗಳ ಬಗ್ಗೆ ಬರೆದ. ಅಲ್ಲಿ ಬೈಬಲ್ಲಿನ ಪ್ರಳಯದ ಕಥೆಯಿಂದ, ಬರಗಾಲದ ಕಥೆಯಿಂದ ಎರಡು ಹೆಸರು ಕೊಟ್ಟ. ಇದ್ದಕ್ಕಿದ್ದಂತೆ ಬಂದು ಮುಳುಗಿಸುವುದು ನೋವಾನ ಗುಣ, ಒಳ್ಳೆಯ ವರ್ಷಗಳೂ ಕೆಟ್ಟ ವರ್ಷಗಳೂ ಗುಂಪುಗುಂಪಾಗಿ ಬರುವುದು ಯೋಸೇಫನ ಗುಣ. ಹತ್ತಿಯ ರೇಟಿಗೂ ನದಿಯ ನೀರಿಗೂ ಬಾಲ ಒಂದೇ ಥರ ಇರಬಹುದು ಎಂದು ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮಳೆ ಮತ್ತು ಅಡಿಕೆ ರೇಟು ಎರಡರ ಬಗ್ಗೆಯೂ ಒಂದೇ ದನಿಯಲ್ಲಿ ಮಾತಾಡುವ ಮನೆಯಲ್ಲಿ ಬೆಳೆದವನು ನಾನು.

ಓದುವವರು

ಯಾಕೆ ಹೋದೆ ಎಂಬುದಕ್ಕೆ ಎಲ್ಲರೂ ನಿರೀಕ್ಷಿಸುವ ಉತ್ತರ ದುಡ್ಡು. ಸುಳ್ಳಲ್ಲ. 2010ರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವಿದ್ಯಾರ್ಥಿವೇತನ ಪರಿಷ್ಕರಣೆಯಾಗಿ ತಿಂಗಳಿಗೆ 16,000 ಆದಾಗ ಹಾಸ್ಟೆಲಿನಲ್ಲಿ ಹಬ್ಬ ಮಾಡಿದ್ದೆವು. ಅದೂ ಮೂರು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತಿತ್ತು. ಪ್ರಬಂಧ ಮುಗಿದಾಗ ನನಗೆ ಮೂವತ್ತು. ತಂಗಿಯ ಮದುವೆಯ ಸಾಲ ತೀರಿರಲಿಲ್ಲ. ಮುಂದೆ ಎರಡು ವರ್ಷ ಒಂದು ದೇಶದಲ್ಲಿ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನೆ ಕೆಲಸ, ಆಮೇಲೆ ಎರಡು ವರ್ಷ ಇನ್ನೊಂದು ದೇಶದಲ್ಲಿ, ಆಮೇಲೆ ಕರೆದರೆ ಉಂಟು ಕರೆಯದಿದ್ದರೆ ಇಲ್ಲ ಎಂಬ ದಾರಿ. ಇದನ್ನು ಹೇಳಿದರೆ ಜನ ತಲೆಯಾಡಿಸಿ ಸುಮ್ಮನಾಗುತ್ತಾರೆ. ಅದಕ್ಕೇ ನಾನು ಇಷ್ಟನ್ನೇ ಹೇಳುತ್ತ ಬಂದೆ.

ಹೇಳದೆ ಬಿಟ್ಟದ್ದು ಇನ್ನೊಂದಿದೆ. ನಮ್ಮ ತೋಟಗಳಿಗೆ ಮಳೆಗಾಲದಲ್ಲಿ ಮೈಲುತುತ್ತ ಸುಣ್ಣ ಹೊಡೆಸುತ್ತೇವಲ್ಲ, ಅದರ ಹಿಂದೆಯೂ ಒಬ್ಬ ಪಿಎಚ್‌ಡಿ ಇದ್ದಾನೆ. ಲೆಸ್ಲಿ ಕೋಲ್ಮನ್ ಎಂಬ ಕೆನಡಾದವನು. ಜರ್ಮನಿಯ ಗಟಿಂಗನ್‌ನಲ್ಲಿ ಡಾಕ್ಟರೇಟ್ ಮಾಡಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಮಲೆನಾಡಿನ ಅಡಿಕೆಯ ಕೊಳೆರೋಗದ ಹಿಂದೆ ಬಿದ್ದು, 1910ರಲ್ಲಿ ಅದರ ಬಗ್ಗೆ ಪ್ರಕಟಿಸಿದ. ಬೋರ್ಡೋ ದ್ರಾವಣದಿಂದ ಅದನ್ನು ತಡೆಯಬಹುದು ಎಂದು ತೋರಿಸಿದ. ನೂರು ಲೀಟರ್ ನೀರು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೋಲ್ಮನ್ ಹೆಸರು ಕೇಳದವರೂ ಈ ಲೆಕ್ಕವನ್ನು ನಿದ್ದೆಗಣ್ಣಲ್ಲಿ ಹೇಳುತ್ತಾರೆ. ಅವನ ಓದು ಮರ ಹತ್ತಿತು, ಅಡಿಕೆಯ ಒಂದೊಂದು ಗೊನೆಯ ಮೇಲೂ ಬಿತ್ತು. ನನ್ನದು ಲೈಬ್ರರಿಯಲ್ಲಿ ಕೆಂಪು ರಟ್ಟಿನೊಳಗೆ ಕೂತಿದೆ. ಗೈಡ್ ಓದಿದರು, ಇಬ್ಬರು ಪರೀಕ್ಷಕರು ಓದಿದರು. ಅವರಲ್ಲಿ ಒಬ್ಬರು ನಾಲ್ಕನೇ ಅಧ್ಯಾಯದ ನಂತರ ಓದಿರಲಿಲ್ಲ ಎಂಬುದು ವೈವಾ ದಿನ ಅವರ ಪ್ರಶ್ನೆಗಳಿಂದಲೇ ಗೊತ್ತಾಯಿತು. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಬಡಾವಣೆಗಳಿಗೆ ತುಂಗೆ ನುಗ್ಗಿದಾಗ ನನಗೆ ಒಂದು ಫೋನೂ ಬರಲಿಲ್ಲ. ಬರಬೇಕಿತ್ತು ಅಂತಲ್ಲ. ಆದರೆ ಫೋನು ನೋಡುತ್ತ ಕೂತಿದ್ದೆ ಎಂಬುದು ನಿಜ.

ಬ್ಯಾಂಕಿನಲ್ಲಿ ನನ್ನ ಮೊದಲ ವರದಿಗೆ ಸಂಜೆ ಆರು ಗಂಟೆಯ ಗಡುವಿತ್ತು. ಆರು ಗಂಟೆ ಐದು ನಿಮಿಷಕ್ಕೆ ಲಂಡನ್ನಿನಿಂದ ಒಬ್ಬಾತ ಫೋನ್ ಮಾಡಿ, ಹನ್ನೊಂದನೇ ಸಾಲಿನ ಅಂಕೆ ನಿನ್ನೆಗಿಂತ ಯಾಕೆ ಹೆಚ್ಚಾಗಿದೆ ಎಂದು ಕೇಳಿದ. ಬೈಗುಳದ ದನಿಯಲ್ಲೇ ಕೇಳಿದ. ನನಗೆ ಖುಷಿಯಾಯಿತು. ಆರು ವರ್ಷದಲ್ಲಿ ಮೊದಲ ಸಲ ನಾನು ಹಾಕಿದ ಲೆಕ್ಕವನ್ನು ಯಾರೋ ಕಾದು ಕೂತು ಓದಿದ್ದರು. ಸಂಬಳದ ಆಸೆಯಿಂದ ಹೋದವನು ಅಲ್ಲಿ ಉಳಿದದ್ದು ಈ ಖುಷಿಯಿಂದ ಎಂದು ಈಗ ಅನ್ನಿಸುತ್ತದೆ.

ಹೆಡ್ಡು, ಟೈಲು

ಇಂಟರ್‌ವ್ಯೂ ಒಂದೇ ದಿನ ನಾಲ್ಕು ಸುತ್ತು. ಎರಡನೇ ಸುತ್ತಿನಲ್ಲಿ ನನಗಿಂತ ಐದು ವರ್ಷ ಚಿಕ್ಕವನಿದ್ದ ಹುಡುಗ ಕೇಳಿದ, "ನಾಣ್ಯ ಚಿಮ್ಮುತ್ತ ಹೋಗಿ. ಸತತ ಎರಡು ಹೆಡ್ ಬರುವವರೆಗೆ ಸರಾಸರಿ ಎಷ್ಟು ಸಲ ಚಿಮ್ಮಬೇಕು? ಹೆಡ್ ಆದಕೂಡಲೇ ಟೈಲ್ ಬರಲು ಎಷ್ಟು?" ಎರಡೂ ಒಂದೇ ಇರಬೇಕು ಎಂದು ಮನಸ್ಸು ಹೇಳುತ್ತದೆ. ಅಲ್ಲ. ಮೊದಲನೆಯದಕ್ಕೆ 6, ಎರಡನೆಯದಕ್ಕೆ 4. ಎರಡು ಹೆಡ್ ಬೇಕಾದಾಗ ಒಂದು ಹೆಡ್ ಬಂದು ಆಮೇಲೆ ಟೈಲ್ ಬಿದ್ದರೆ ಮತ್ತೆ ಮೊದಲಿನಿಂದ ಶುರು. ಹೆಡ್ ಟೈಲ್ ಬೇಕಾದಾಗ ಹೆಡ್ ಮೇಲೆ ಹೆಡ್ ಬಿದ್ದರೂ ಕೈಯಲ್ಲಿದ್ದದ್ದು ಹೋಗುವುದಿಲ್ಲ, ಅಲ್ಲೇ ನಿಂತು ಇನ್ನೊಂದು ಸಲ ಚಿಮ್ಮಬಹುದು. ನಾನು ಸರಿಯಾಗಿ ಹೇಳಿದೆ. ಹೇಳುತ್ತಿದ್ದಾಗಲೇ ಪೋಸ್ಟ್‌ಡಾಕ್ ಮೊದಲನೆಯ ಥರದ್ದು ಎಂಬ ಯೋಚನೆ ಬಂದು ನಗು ಬಂತು. ಯಾಕೆ ನಕ್ಕಿರಿ ಎಂದು ಅವನು ಕೇಳಲಿಲ್ಲ.

ಕೊನೆಯ ಸುತ್ತಿನ ಹಿರಿಯರು ನನ್ನ ಬಯೋಡೇಟಾ ಹಿಡಿದು, "ಆರು ವರ್ಷ ಒಂದೇ ಪ್ರಶ್ನೆಯಾ? ನಮ್ಮಲ್ಲಿ ಒಂದು ಪ್ರಶ್ನೆಗೆ ಆರು ಗಂಟೆ" ಅಂದರು. ಬೆದರಿಕೆ ಇರಬಹುದು ಎಂದುಕೊಂಡೆ. ಅವರು ಹೇಳಿದ್ದು ಬರೀ ಮಾಹಿತಿ ಎಂದು ಸೇರಿದ ಮೇಲೆ ಗೊತ್ತಾಯಿತು.

ಈ ದಾರಿಯಲ್ಲಿ ಹೋಗಬೇಕು ಅಂತಿರುವ ಹುಡುಗ ಹುಡುಗಿಯರು ಆಗೀಗ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದಿಷ್ಟೇ. ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಎಂದರೆ ಒಂದೇ ಮನೆಯಲ್ಲ. ಕಂಪನಿಗಳನ್ನು ಕೊಡಿಸುವುದು, ಮಾರಿಸುವುದು, ಐಪಿಒ ತರಿಸುವುದು ಒಂದು ಕಡೆ. ಅಲ್ಲಿ ಎಂಬಿಎ ಮತ್ತು ಸಿಎಗಳ ರಾಜ್ಯ. ಔಷಧ ಕಂಪನಿಗಳ ವ್ಯವಹಾರಕ್ಕೆ ಜೀವಶಾಸ್ತ್ರ, ರಸಾಯನಶಾಸ್ತ್ರದ ಪಿಎಚ್‌ಡಿಗಳನ್ನು ತೆಗೆದುಕೊಳ್ಳುವುದುಂಟು. ನಮ್ಮಂಥ ಭೌತಶಾಸ್ತ್ರ, ಗಣಿತದವರಿಗೆ ಬಾಗಿಲು ಇನ್ನೊಂದು ಕಡೆ, ವ್ಯಾಪಾರದ ಲೆಕ್ಕ ಮತ್ತು ರಿಸ್ಕ್. ಅಮೆರಿಕದಲ್ಲಿ 1993ರಲ್ಲಿ ಕಣಗಳನ್ನು ಡಿಕ್ಕಿ ಹೊಡೆಸಿ ನೋಡುವ ಸೂಪರ್‌ಕೊಲೈಡರ್ ಯಂತ್ರದ ಯೋಜನೆಯನ್ನೇ ರದ್ದು ಮಾಡಿದಾಗ ಕೆಲಸ ಕಳೆದುಕೊಂಡ ಭೌತವಿಜ್ಞಾನಿಗಳಲ್ಲಿ ಕೆಲವರು ಹೀಗೇ ವಾಲ್‌ಸ್ಟ್ರೀಟ್ ಸೇರಿದ್ದರು. ಪ್ರೋಗ್ರಾಮಿಂಗ್ ಚೆನ್ನಾಗಿ ಬರಬೇಕು, ಪ್ರಾಬಬಿಲಿಟಿ ಬಾಯಿಯಲ್ಲಿರಬೇಕು. ನಿಮ್ಮ ಆರು ವರ್ಷವನ್ನು ಅವರು ಆರು ವರ್ಷದ ಅನುಭವ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಎಚ್ಚರಿಕೆ ಊರಿನ ಸಲುವಾಗಿ. ನಾಲ್ಕು ವರ್ಷಕ್ಕೆ ನನ್ನನ್ನು ವೈಸ್ ಪ್ರೆಸಿಡೆಂಟ್ ಮಾಡಿದರು. ಬ್ಯಾಂಕುಗಳಲ್ಲಿ ಅದು ನಡುಮಟ್ಟದ ಹುದ್ದೆ, ಒಂದು ಮಹಡಿಯಲ್ಲಿ ಐವತ್ತು ಜನ ಇರುತ್ತಾರೆ. ಅಮ್ಮ ಅದನ್ನು ಯಾರಿಗೋ ಉಪಾಧ್ಯಕ್ಷ ಎಂದು ಕನ್ನಡದಲ್ಲಿ ಹೇಳಿದರು. ಆ ವರ್ಷದ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ನಾನು ಕೊಡಿಸಬೇಕಾದ ಸಾಲದ ಅರ್ಜಿ ಮೂರು. ನಮ್ಮ ಬ್ಯಾಂಕಿನಲ್ಲಿ ಪಾಸ್‌ಬುಕ್ಕೇ ಇಲ್ಲ ಎಂದರೆ ಯಾರೂ ನಂಬಲಿಲ್ಲ.

ಒಂದು ನಂಬರ್ ಕೊಡು

ಪ್ರಬಂಧದ ಕೊನೆಯ ಅಧ್ಯಾಯ ಪೂರ್ತಿ ನನಗೆ ಎಷ್ಟು ಗೊತ್ತಿಲ್ಲ ಎಂಬುದರ ಬಗ್ಗೆ. ಇಂಥ ಮಳೆ ಇಷ್ಟಿರಬಹುದು, ಆದರೆ ಅದರ ಅರ್ಧವೂ ಇರಬಹುದು, ಎರಡರಷ್ಟೂ ಇರಬಹುದು. ಹಾಗೆ ಬರೆಯುವುದೇ ಅಲ್ಲಿ ಮರ್ಯಾದೆ. ಬ್ಯಾಂಕಿನಲ್ಲಿ ಮೊದಲ ತಿಂಗಳು ಅದೇ ಚಾಳಿಯಲ್ಲಿ ಇಷ್ಟರಿಂದ ಇಷ್ಟರವರೆಗೆ ಎಂದು ಬರೆದು ಕಳಿಸಿದೆ. ಮ್ಯಾನೇಜರ್ ತಿರುಗಿ ಕಳಿಸಿದರು. ಒಂದು ನಂಬರ್ ಕೊಡು.

ಆ ಒಂದು ನಂಬರಿಗೆ ವಿಎಆರ್, ಅಂದರೆ ವ್ಯಾಲ್ಯೂ ಅಟ್ ರಿಸ್ಕ್ ಎಂದು ಹೆಸರು. ಅಮೆರಿಕದ ಜೆ.ಪಿ. ಮಾರ್ಗನ್ ಬ್ಯಾಂಕು 1994ರಲ್ಲಿ ತನ್ನ ವಿಧಾನವನ್ನು ಹೊರಗೆ ಬಿಟ್ಟ ಮೇಲೆ ಎಲ್ಲೆಡೆ ಹಬ್ಬಿತು. ನೂರರಲ್ಲಿ 99 ದಿನ ನಷ್ಟ ಇದನ್ನು ಮೀರುವುದಿಲ್ಲ ಎಂಬ ಅಂಕೆ ಅದು. ವರ್ಷಕ್ಕೆ 250 ವ್ಯಾಪಾರದ ದಿನ ಎಂದರೆ ಎರಡು ಮೂರು ದಿನ ಮೀರಬೇಕು, ಅದು ಸಹಜ. ನಾಲ್ಕರವರೆಗೆ ಹಸಿರು, ಐದರಿಂದ ಒಂಬತ್ತು ಹಳದಿ, ಹತ್ತಾದರೆ ಕೆಂಪು ಎಂದು ಬ್ಯಾಂಕುಗಳ ಅಂತರರಾಷ್ಟ್ರೀಯ ಬಾಸೆಲ್ ನಿಯಮಗಳು ಸಿಗ್ನಲ್ ದೀಪದ ಥರ ಹಂಚಿವೆ. ಸರಿಯಾದ ವ್ಯವಸ್ಥೆಯೇ. ಆದರೆ ಮೀರಿದ ಆ ದಿನ ಎಷ್ಟು ಮೀರುತ್ತದೆ ಎಂಬುದರ ಬಗ್ಗೆ ಆ ಅಂಕೆ ಬಾಯಿ ಬಿಡುವುದಿಲ್ಲ. ಪಂಚಾಂಗದಲ್ಲಿ "ದೇವರೇ ಗತಿ" ಎಂದು ಬರೆದ ದಿನಗಳನ್ನು ಎಣಿಸಿ, ಮೂರು ದಿನ ಇತ್ತು ಎಂದು ಹೇಳಿ ಪುಸ್ತಕ ಮುಚ್ಚಿದ ಹಾಗೆ. ನಾನು ಇದನ್ನು ಟೀ ಬಿಡುವಿನಲ್ಲಿ ಹೇಳುತ್ತಿದ್ದೆ, ಎಲ್ಲರೂ ಒಪ್ಪುತ್ತಿದ್ದರು, ಆರು ಗಂಟೆಗೆ ಒಂದು ನಂಬರ್ ಕೊಡುತ್ತಿದ್ದೆವು. 2016ರಲ್ಲಿ ಬಾಸೆಲ್ ಸಮಿತಿಯೇ ಮೀರಿದ ದಿನಗಳ ಸರಾಸರಿಯನ್ನು ಲೆಕ್ಕ ಹಾಕಿ ಎಂದು ಹೊಸ ನಿಯಮ ಬರೆಯಿತು. ಅದೂ ಕೊನೆಗೆ ಒಂದೇ ನಂಬರ್, ಆ ಮಾತು ಬೇರೆ.

ಗುಡ್ಡದ ಮೇಲೆ ಮೈನಸ್

2020ರಲ್ಲಿ ಜನತಾ ಕರ್ಫ್ಯೂಗೆ ಎರಡು ದಿನ ಮುಂಚೆ ಆಫೀಸಿನ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದುಬಿಟ್ಟೆ. ಮಾರ್ಚ್ 23ಕ್ಕೆ ಸೆನ್ಸೆಕ್ಸ್ ಒಂದೇ ದಿನ 3,934 ಅಂಶ, ನೂರಕ್ಕೆ 13ರಷ್ಟು ಬಿತ್ತು. ಆ ದಿನಗಳಲ್ಲಿ ನಮ್ಮ ದೀಪಗಳೆಲ್ಲ ಕೆಂಪೇ. ಮನೆಯಲ್ಲಿ ಲ್ಯಾಂಡ್‌ಲೈನ್ ಇಂಟರ್ನೆಟ್ ಇತ್ತು, ಆದರೆ ಏಪ್ರಿಲ್ ಗುಡುಗಿಗೆ ಕರೆಂಟು ಹೋದರೆ ಅದೂ ಸಾಯುತ್ತಿತ್ತು. ಆಗ ಮನೆ ಹಿಂದಿನ ಸೊಪ್ಪಿನ ಬೆಟ್ಟ ಹತ್ತಿ, ನೆತ್ತಿಯ ಬಂಡೆಯ ಮೇಲೆ ಕೂತರೆ ಮೊಬೈಲಿಗೆ ಎರಡು ಕಡ್ಡಿ ಸಿಗುತ್ತಿತ್ತು. ಕಾಟಿ ಓಡಾಡುವ ಜಾಗ, ಒಬ್ಬನೇ ಹೋಗಬೇಡ ಎಂದು ಅಪ್ಪಯ್ಯ ಬ್ಯಾಟರಿ ಹಿಡಿದು ಜೊತೆಗೆ ಬರುತ್ತಿದ್ದರು.

ಏಪ್ರಿಲ್ 20ರ ರಾತ್ರಿ ಹಾಗೇ ಕೂತಿದ್ದೆವು. ಅಮೆರಿಕದ ಕಚ್ಚಾತೈಲದ ಮೇ ತಿಂಗಳ ಕರಾರು ಮಾರನೆಯ ದಿನ ಮುಗಿಯುವುದಿತ್ತು. ಕರಾರು ಕೈಯಲ್ಲಿದ್ದವರು ಓಕ್ಲಹೋಮಾದ ಕುಶಿಂಗ್ ಎಂಬಲ್ಲಿ ಎಣ್ಣೆ ತೆಗೆದುಕೊಳ್ಳಬೇಕು. ಲಾಕ್‌ಡೌನಿನಿಂದ ಜಗತ್ತೇ ಗಾಡಿ ನಿಲ್ಲಿಸಿತ್ತು, ಅಲ್ಲಿನ ಟ್ಯಾಂಕುಗಳಲ್ಲಿ ಜಾಗ ಸಿಗುತ್ತಿರಲಿಲ್ಲ. ರೇಟು ಹತ್ತು ಡಾಲರ್, ಐದು, ಒಂದು. ಹನ್ನೊಂದೂವರೆ ದಾಟಿದ ಮೇಲೆ ಸೊನ್ನೆಗಿಂತ ಕೆಳಗೆ ಇಳಿಯಿತು. ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡಕ್ಕೆ ಆ ದಿನದ ಲೆಕ್ಕ ಮುಚ್ಚಿದಾಗ ಬ್ಯಾರೆಲಿಗೆ ಮೈನಸ್ 37.63 ಡಾಲರ್. ನಾನು ಲ್ಯಾಪ್‌ಟಾಪ್ ಬೆಳಕಿನಲ್ಲಿ "ಮೈನಸ್, ಮೈನಸ್" ಎಂದು ಒಬ್ಬನೇ ಹೇಳಿಕೊಳ್ಳುತ್ತಿದ್ದೆ. ಎಂತ ಆಯ್ತು ಎಂದು ಅಪ್ಪಯ್ಯ ಕೇಳಿದರು. ಎಣ್ಣೆ ತಗೊಂಡು ಹೋಗೋರಿಗೆ ಇವರೇ ದುಡ್ಡು ಕೊಡ್ತಿದಾರೆ ಅಂದೆ. ಅವರಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. "ಮಳೆ ಹಿಡಿದ ಮೇಲೆ ಹಲಸಿನ ಹಣ್ಣು ಅಂಗಳದಲ್ಲಿ ಕೊಳೆಯೋದಿಲ್ವಾ? ತಗೊಂಡು ಹೋಗ್ರೋ ಅಂದ್ರೆ ಹೊರೋ ಕೂಲಿ ಕೊಡಿ ಅಂತಾರೆ."

ನಮ್ಮ ಮಾದರಿಗಳಿಗೆ ಹಲಸಿನ ಹಣ್ಣು ಗೊತ್ತಿರಲಿಲ್ಲ. ಆಪ್ಷನ್‌ಗಳಿಗೆ, ಅಂದರೆ ಮುಂದೊಂದು ದಿನ ಗೊತ್ತುಮಾಡಿದ ರೇಟಿಗೆ ಕೊಳ್ಳುವ ಅಥವಾ ಮಾರುವ ಹಕ್ಕಿಗೆ, ಬೆಲೆ ಕಟ್ಟುವ 1973ರ ಬ್ಲ್ಯಾಕ್ ಮತ್ತು ಶೋಲ್ಸ್ ಸೂತ್ರದ ವಂಶದಲ್ಲಿ ರೇಟು ಯಾವತ್ತೂ ಸೊನ್ನೆಗಿಂತ ಮೇಲೇ. ಅಲ್ಲಿ ರೇಟಿನ ಲಾಗರಿದಮ್ ತೆಗೆಯಬೇಕು, ಋಣಸಂಖ್ಯೆಗೆ ಅದು ಇಲ್ಲ. ಪರದೆಯ ತುಂಬ ಇದು ಸಂಖ್ಯೆಯೇ ಅಲ್ಲ ಎಂಬ ಉತ್ತರ ಸಾಲುಸಾಲಾಗಿ ಬಂತು. ಅದೇ ವಾರ ಷಿಕಾಗೋದ ಸಿಎಂಇ ಎಕ್ಸ್‌ಚೇಂಜ್ ತೈಲದ ಆಪ್ಷನ್‌ಗಳಿಗೆ ಬಾಷೆಲಿಯೆ ಎಂಬವನ ಹಳೇ ಮಾದರಿಗೆ ಬದಲಾಯಿಸಿಕೊಂಡಿತು, ನಾವೂ ಹಾಗೇ ಮಾಡಿದೆವು. ಬಾಷೆಲಿಯೆ ಮಾದರಿಯಲ್ಲಿ ರೇಟು ಎಷ್ಟು ಬೇಕಾದರೂ ಇಳಿಯಬಹುದು. ಅದನ್ನು ಅದರ ದೋಷ ಎಂದೇ ಪಾಠ ಮಾಡುತ್ತಿದ್ದರು.

ಲೂಯಿ ಬಾಷೆಲಿಯೆ ಪ್ಯಾರಿಸ್ಸಿನಲ್ಲಿ ಗಣಿತಜ್ಞ ಪ್ವಾಂಕಾರೆಯ ಕೈಕೆಳಗೆ ಷೇರು ವ್ಯಾಪಾರದ ಗಣಿತದ ಮೇಲೆ ಡಾಕ್ಟರೇಟ್ ಮಾಡಿದವನು. ಪ್ರಬಂಧ ಮಂಡಿಸಿದ್ದು 1900ರ ಮಾರ್ಚ್ 29ರಂದು, ಐನ್‌ಸ್ಟೈನ್ ಬ್ರೌನಿಯನ್ ಚಲನೆಯ, ಅಂದರೆ ದ್ರವದಲ್ಲಿ ಸಣ್ಣ ಕಣಗಳು ಅಡ್ಡಾದಿಡ್ಡಿ ಅಲೆಯುವುದರ ಬಗ್ಗೆ ಬರೆಯುವುದಕ್ಕೆ ಐದು ವರ್ಷ ಮೊದಲು. ಅದಕ್ಕೆ ಸಿಕ್ಕಿದ್ದು ಎರಡನೇ ದರ್ಜೆಯ ಶ್ರೇಣಿ. ಬೆಸಾನ್‌ಸಾನ್ ಎಂಬ ಊರಲ್ಲಿ ಖಾಯಂ ಪ್ರಾಧ್ಯಾಪಕನಾಗಲು 1927ರವರೆಗೆ ಕಾಯಬೇಕಾಯಿತು. ನಮ್ಮ ದಾರಿಯ ಮೂಲಪುರುಷ ಅವನೇ. ಗಣಿತದವರಿಗೆ ಅವನ ವಿಷಯ ಹಿಡಿಸಲಿಲ್ಲ, ಷೇರುಪೇಟೆಯವರಿಗೆ ಅವನ ಗಣಿತ ಬೇಕಿರಲಿಲ್ಲ. ಆ ರಾತ್ರಿ ಬಂಡೆಯ ಮೇಲೆ ಕೂತು ಅವನ ಸೂತ್ರವನ್ನು ಕೋಡಿಗೆ ಹಾಕುವಾಗ ಕೆಂಪು ರಟ್ಟಿನ ನನ್ನ ಪುಸ್ತಕ ನೆನಪಾಯಿತು. ಹೋಲಿಸಿಕೊಳ್ಳುವ ಧೈರ್ಯವಿಲ್ಲ, ನೆನಪಾಯಿತು ಅಷ್ಟೆ.

ಮಾರನೆಯ ದಿನ ಬೆಳಗ್ಗೆ ಶಿವಮೊಗ್ಗದಿಂದ ಹೈಸ್ಕೂಲಿನ ಗೆಳೆಯ ಫೋನ್ ಮಾಡಿದ. ಮೊಬೈಲ್ ಅಂಗಡಿ ಇಟ್ಟವನು, ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿ ಕಮಾಡಿಟಿ ಟ್ರೇಡಿಂಗಿಗೆ ಕೈಹಾಕಿದ್ದ. ಇಲ್ಲಿನ ಮಾರುಕಟ್ಟೆ ಆ ದಿನಗಳಲ್ಲಿ ಸಂಜೆ ಐದಕ್ಕೇ ಮುಚ್ಚುತ್ತಿತ್ತು. ಐದಕ್ಕೆ ಕಚ್ಚಾತೈಲ 965 ರೂಪಾಯಿ. ಇದಕ್ಕಿಂತ ಇನ್ನೆಷ್ಟು ಬಿದ್ದೀತು, ಸೊನ್ನೆಯಾದರೂ ಹೋಗೋದು ಒಂದು ಲಕ್ಷದೊಳಗೆ ಎಂದು ಒಂದು ಲಾಟ್ ಹಿಡಿದಿದ್ದ. ಲಾಟ್ ಅಂದರೆ 100 ಬ್ಯಾರೆಲ್. ಅವನು ಮಲಗಿದ್ದಾಗ ಅಮೆರಿಕದಲ್ಲಿ ರೇಟು ಮೈನಸ್ಸಿಗೆ ಹೋಯಿತು. ಅದರ ಮೇಲೆ ಇಲ್ಲಿಯೂ ಕೊನೆಗೆ ಮೈನಸ್ 2,884 ರೂಪಾಯಿಗೆ ಲೆಕ್ಕ ಚುಕ್ತಾ ಮಾಡಿದರು. ಅವನ ಪಾಲಿಗೆ 3,84,900. "ನೀನು ಇದ್ರಲ್ಲೇ ಪಿಎಚ್‌ಡಿ ಮಾಡ್ದೋನಲ್ವಾ, ಹೇಳು, ಯಾವ್ದಾದ್ರೂ ಸಾಮಾನಿನ ರೇಟು ಮೈನಸ್ ಆಗ್ತದಾ?" ಎಂದು ಕೇಳಿದ. ನಾನು ಹಲಸಿನ ಹಣ್ಣಿನ ಮಾತು ಹೇಳಲಿಲ್ಲ. ಬಾಷೆಲಿಯೆ ಬಗ್ಗೆಯೂ ಹೇಳಲಿಲ್ಲ. ರಾತ್ರಿಯಿಡೀ ನನಗೆ ಇದೊಂದು ಚಂದದ ಗಣಿತದ ಪ್ರಶ್ನೆಯಾಗಿತ್ತು ಎಂಬುದು ಅವನ ದನಿ ಕೇಳಿದಾಗ ಗೊತ್ತಾಯಿತು. ಅವನು ಅಂಗಡಿಯ ಮುಂದಿನ ಸೈಟು ಮಾರಿದ. ಆ ವರ್ಷ ನನ್ನ ಬೋನಸ್ ಹಿಂದಿನ ವರ್ಷಕ್ಕಿಂತ ಹೆಚ್ಚೇ ಬಂತು. ರಾತ್ರಿ ಗುಡ್ಡ ಹತ್ತಿ ಕೆಲಸ ಮಾಡಿದ್ದಕ್ಕೆ ಎಂದು ಮೆಚ್ಚುಗೆಯ ಪತ್ರವನ್ನೂ ಕೊಟ್ಟರು.

2013ರ ಕೊಳೆ

ಸಾಹೇಬ್ರ ಪ್ರಶ್ನೆ ನನಗೆ ಅಷ್ಟು ನಾಟಿದ್ದಕ್ಕೆ ಇನ್ನೊಂದು ಕಾರಣವಿದೆ. 2013ರ ಮಳೆಗಾಲ ನೆನಪಿರಬಹುದು, ಬಿಡುವೇ ಕೊಡದ ಮಳೆ. ಎರಡನೇ ಸಲ ಔಷಧಿ ಹೊಡೆಯಲು ಎರಡು ದಿನ ಒಣ ಹವೆ ಸಿಗಲಿಲ್ಲ. ನಾನು ಪ್ರಬಂಧದ ಕೊನೆಯ ಅಧ್ಯಾಯ ಬರೆಯಲು ಊರಿಗೆ ಬಂದಿದ್ದೆ. ತೋಟಕ್ಕೆ ಇಳಿದರೆ ಕಾಲಡಿಯಲ್ಲಿ ಎಳೆಯ ಕಾಯಿ ಚಟಚಟ ಅನ್ನುತ್ತಿತ್ತು, ಬಿಳಿ ಬೂಷ್ಟು ಹಿಡಿದ ಕಾಯಿ, ಆ ಹುಳಿಮಿಶ್ರಿತ ವಾಸನೆ. ಚೇಣಿಯಲ್ಲಿ ಹಲವು ಥರ. ಹಸಿ ಕ್ವಿಂಟಾಲಿಗೆ ಇಷ್ಟು ಕೆಜಿ ಒಣ ಅಡಿಕೆ ಅಂತ ಮಾತಾಡುವವರೇ ಜಾಸ್ತಿ. ನಮ್ಮ ಮನೆಯದ್ದು ಹಳೇ ಕ್ರಮ, ಮರದ ಮೇಲಿನ ಫಸಲನ್ನು ಕಣ್ಣಂದಾಜಿಗೆ ನೋಡಿ ಒಟ್ಟಿಗೆ ಇಷ್ಟು ಎಂದು ಕಟ್ಟುವುದು. ಅಲ್ಲಿಂದ ಮುಂದೆ ಅದು ಅವರ ಫಸಲು. ಆ ವರ್ಷ ಅರ್ಧ ದುಡ್ಡು ಕೊಟ್ಟಿದ್ದರು, ಅರ್ಧ ಬಾಕಿ.

ಶ್ರಾವಣದ ಕೊನೆಗೆ ಬಂದರು. ಮಾತು ಮುರಿಯೋಕೆ ಬಂದಿದಾರೆ ಎಂದು ಅಪ್ಪಯ್ಯ ಒಳಗೆ ಅಮ್ಮನ ಹತ್ತಿರ ಅಂದದ್ದು ನನಗೆ ಕೇಳಿಸಿತು. ಸಾಹೇಬ್ರು ತೋಟ ಸುತ್ತಿ ಬಂದು ಜಗುಲಿಯಲ್ಲಿ ಕೂತರು. "ಗೌಡ್ರೇ, ಈ ಸಲ ಆರಿಸೋ ಕೂಲಿನೂ ಹುಟ್ಟೋದಿಲ್ಲ" ಅಂದರು. ಅಪ್ಪಯ್ಯ ಏನೂ ಅನ್ನಲಿಲ್ಲ. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಸೂರಿನ ನೀರು ನೋಡುತ್ತ ಎಷ್ಟೋ ಹೊತ್ತು ಕೂತರು. ಎದ್ದು ಹೋಗುವಾಗ, "ದೀಪಾವಳಿ ಒಳಗೆ ತಲುಪಿಸ್ತೇನೆ" ಎಂದರು. ಎರಡು ಕಂತಿನಲ್ಲಿ ತಲುಪಿಸಿದರು. ಎರಡನೇ ಕಂತಿನಲ್ಲಿ ಅಪ್ಪಯ್ಯ ಒಂದು ಕಟ್ಟು ತೆಗೆದು ವಾಪಸ್ ಕೊಟ್ಟರು, ಅವರು ಎಣಿಸದೆ ಜೇಬಿಗೆ ಹಾಕಿಕೊಂಡರು. ಮುಂದಿನ ವರ್ಷ ರೇಟು ಕಟ್ಟುವಾಗ ಅದನ್ನೆಲ್ಲ ನಾಜೂಕಾಗಿ ವಸೂಲಿ ಮಾಡಿದರು ಅನ್ನಿ. ಅವರೇನು ಧರ್ಮಛತ್ರ ಇಟ್ಟಿಲ್ಲ. 2014ರಲ್ಲಿ ಅಡಿಕೆ ಎಲ್ಲಿಗೆ ಹೋಯಿತು ಎಂಬುದು ಇಡೀ ಮಲೆನಾಡಿಗೆ ಗೊತ್ತು, ಆ ಲಾಭವೂ ಅವರದ್ದೇ ಆಯಿತು. ಅಪ್ಪಯ್ಯ ಅದಕ್ಕೆ ಇವತ್ತಿಗೂ ಕೈ ಕೈ ಹಿಸುಕಿಕೊಳ್ಳುತ್ತಾರೆ.

ನಾನು ಆಗ ಅಟ್ಟದ ಮೇಲೆ ಕೂತು ಬಾಲದ ದಪ್ಪ ಅಳೆಯುತ್ತಿದ್ದೆ. ಬಾಲ ಅಂದರೆ ಜಗುಲಿಯಲ್ಲಿ ಕೂತು ಸೂರಿನ ನೀರು ನೋಡುತ್ತಿದ್ದ ಆ ಇಬ್ಬರು ಎಂಬುದು ಆಗ ಹೊಳೆಯಲಿಲ್ಲ. ನಷ್ಟ ಆ ಜಗುಲಿ ದಾಟಿ ಎಲ್ಲಿಗೂ ಹೋಗಲಿಲ್ಲ. ನನ್ನ ಕೆಲಸದಲ್ಲಿ ನಷ್ಟಕ್ಕೆ ಜಗುಲಿ ಇಲ್ಲ. ಅದು ಕರಾರಿನಿಂದ ಕರಾರಿಗೆ, ದೇಶದಿಂದ ದೇಶಕ್ಕೆ ದಾಟಿ, ಕೊನೆಗೆ ಮಲಗಿ ನಿದ್ದೆ ಮಾಡುತ್ತಿರುವ ಯಾರದೋ ಮನೆಯ ಬಾಗಿಲು ತಟ್ಟುತ್ತದೆ. ಒಂದೊಂದು ಸಲ ಆ ಮನೆ ಶಿವಮೊಗ್ಗದಲ್ಲಿರುತ್ತದೆ.

ಕೆಲಸ ಬಿಡುತ್ತೇನೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಬಿಡುವುದಿಲ್ಲ. ಮನೆ ಸಾಲ ಇನ್ನೂ ಒಂಬತ್ತು ವರ್ಷ ಇದೆ, ಕೆಲಸವೂ ಇಷ್ಟವೇ. ಗೈಡ್ ಹೋದ ತಿಂಗಳು ಸಿಕ್ಕಿದ್ದರು, ಮುಗಿಸದೆ ಬಿಟ್ಟ ಮೂರನೇ ಪೇಪರ್ ಬಗ್ಗೆ ಈಗಲೂ ಕೇಳುತ್ತಾರೆ. ಮುಂದಿನ ಮಳೆಗಾಲ ಅಂದೆ.

ಆರಿದ್ರಾ ಮಳೆಯ ಆ ದಿನ ಸಾಹೇಬ್ರು ತೋಟದಿಂದ ಬರುವಾಗ ಹನ್ನೆರಡೂವರೆ. ಬಸಿಗಾಲುವೆ ಉದ್ದಕ್ಕೂ ತಲೆಯೆತ್ತಿ ನಡೆದು ಕುತ್ತಿಗೆ ನೋಯುತ್ತದೆ ಎಂದು ಒತ್ತಿಕೊಳ್ಳುತ್ತಿದ್ದರು. ಮರಕ್ಕೆ ಮೂರು ಕೊನೆ ಅಂತ ಅಪ್ಪಯ್ಯ, ಎರಡೂವರೆ ಅಂತ ಅವರು. ಅರ್ಧ ಗಂಟೆ ಎಳೆದಾಡಿ ಒಂದು ಮೊತ್ತಕ್ಕೆ ಬಂದರು. ಮೊದಲೆಲ್ಲ ಬಾಯಿಮಾತಲ್ಲೇ ಮುಗಿಯುತ್ತಿತ್ತು. ಇಬ್ಬರಿಗೂ ವಯಸ್ಸಾಗಿದೆ, ಈ ಸಲ ಚೀಟಿ ಬರೆದಿಡು ಎಂದು ಅಪ್ಪಯ್ಯ ನನಗೆ ಹೇಳಿದರು. ನಾನು ಮೊತ್ತ ಬರೆದೆ, ಕಂತು ಬರೆದೆ, ತಾರೀಕು ಬರೆದೆ. ಹತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಮುಂದಿನ ಸಾಲಿಗೆ ಹೋಯಿತು. "ಕೊಳೆ ಬಂದು ಫಸಲು ನಷ್ಟವಾದಲ್ಲಿ" ಎಂದು ಬರೆದು ತಲೆಯೆತ್ತಿ, ಹೇಗೆ ಬರೀಲಿ ಎಂದು ಕೇಳಿದೆ.

ಅಪ್ಪಯ್ಯ ಸಾಹೇಬ್ರ ಮುಖ ನೋಡಿದರು. ಸಾಹೇಬ್ರು ಬಗ್ಗಿ ಚೀಟಿ ನೋಡಿದರು.

"ಅದನ್ನು ಹೊಡೆದು ಹಾಕಿ ಡಾಕ್ಟ್ರೇ" ಅಂದರು. "ಬರೆದ್ರೆ ಬಂದೇ ಬರ್ತದೆ."

ನಾನು ಆ ಸಾಲು ಹೊಡೆದು ಹಾಕಿ ಚೀಟಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ಅಂಗಿಯ ಒಳಜೇಬಿಗೆ ಸೇರಿಸಿ, ಛತ್ರಿ ಬಿಚ್ಚಿದರು.